ಹೇಗೂ ಕೊಳ್ಳುತ್ತಿರಲಿಲ್ಲ

14 ಜೂನ್ 2025, ಶನಿವಾರ, ರಾತ್ರಿ

ಅಕ್ಕನ ಮಗ ಮತ್ತೆ ಲಿಂಕ್ ಕಳಿಸಿದ್ದಾನೆ. ಬಿಡುಗಡೆಯಾಗಿ ಮೂರೇ ದಿನ ಆಗಿರುವ ಸಿನಿಮಾ. 'ಮಾವ, ಕ್ಲಿಯರ್ ಪ್ರಿಂಟ್. ಬೇಗ ನೋಡಿ, ನಾಳೆ ತೆಗೆದುಬಿಡ್ತಾರೆ' ಅಂತ ಒಂದು ಸಾಲು ಬೇರೆ. ಬೈಯೋಣ ಅಂತ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಆಯಿತು. ಕೊನೆಗೆ ಬೈಸಿಕೊಂಡವನ ಹಾಗೆ ಕೂತವನು ನಾನು.

ಅವನನ್ನು ಗೊತ್ತಲ್ವಾ, ವಾದಕ್ಕೆ ನಿಂತರೆ ಬಿಡುವವನಲ್ಲ. 'ನಾನು ಹೇಗೂ ದುಡ್ಡು ಕೊಟ್ಟು ನೋಡ್ತಿರಲಿಲ್ಲ ಮಾವ. ಅಂದಮೇಲೆ ನಷ್ಟ ಯಾರಿಗೆ?'

'ನೋಡ್ತಿರಲಿಲ್ಲ ಅಂತ ನಿನಗೆ ಹೇಗೋ ಗೊತ್ತು?' ಅಂದೆ. ಕದ್ದ ಸಿನಿಮಾಗಳನ್ನೂ ಜನ ಹಾಕಿ ಹಂಚುತ್ತಿದ್ದ ಮೆಗಾಅಪ್‌ಲೋಡ್ ಅನ್ನೋ ಸೈಟನ್ನು 2012ರ ಜನವರಿಯಲ್ಲಿ ಮುಚ್ಚಿಸಿದ ಕಥೆ ಹೇಳಿದೆ. ಅದಾದ ಮೇಲೆ ಅರ್ಥಶಾಸ್ತ್ರಜ್ಞರು ಕೂತು 12 ದೇಶಗಳ ಲೆಕ್ಕ ತೆಗೆದರು. ದೊಡ್ಡ ಸ್ಟುಡಿಯೋಗಳ ಸಿನಿಮಾಗಳ ಡಿಜಿಟಲ್ ಮಾರಾಟ, ಬಾಡಿಗೆ ಎರಡೂ ಸೇರಿ ಆದಾಯ ಶೇ 6.5ರಿಂದ 8.5ರಷ್ಟು ಏರಿತ್ತು. ಕೊಳ್ಳುವುದೇ ಇಲ್ಲ ಅಂದವರಲ್ಲೇ ಕೆಲವರು ಕೊಂಡರು ಅಂತ ತಾನೇ ಇದರ ಅರ್ಥ?

ಆ ಕಡೆಯಿಂದ ನಗು. 'ಅಷ್ಟು ದೊಡ್ಡ ಸೈಟ್ ಮುಚ್ಚಿಸಿದ್ದಕ್ಕೆ ಬರೀ ಎಂಟಾ? ಉಳಿದ ತೊಂಬತ್ತೆರಡು ಜನ ಎಲ್ಲಿ ಹೋದ್ರು?'

ತಕ್ಷಣ ಉತ್ತರ ಹೊಳೆಯಲಿಲ್ಲ. ಫೋನ್ ಇಟ್ಟು, ಪಾತ್ರೆ ತೊಳೆಯುವಾಗ ಹೊಳೆಯಿತು: ಆ ಎಂಟು ಮಾರಾಟದ ಮೇಲಿನ ಎಂಟು ಕಣೋ, ಕದ್ದು ನೋಡುವವರಲ್ಲಿ ಎಂಟು ಜನ ಅಲ್ಲ! ನನಗೆ ಯಾವಾಗಲೂ ಹೀಗೇ. ಮಾತು ಮುಗಿದ ಮೇಲೆ ಬುದ್ಧಿ ಬರುತ್ತದೆ.

ಟೊರೆಂಟ್ ಅಂತ, ಜನ ಒಬ್ಬರ ಕಂಪ್ಯೂಟರ್‌ನಿಂದ ಇನ್ನೊಬ್ಬರು ಫೈಲ್ ಇಳಿಸಿಕೊಳ್ಳೋದು ಇದೆಯಲ್ಲ, ಆ ವಿಷಯದಲ್ಲಿ ಮಾತ್ರ ಅವನು ಸ್ವಲ್ಪ ಹೊತ್ತು ಸುಮ್ಮನಾದ. ಸಿನಿಮಾ ಇಳಿಸಿಕೊಳ್ಳುತ್ತಿರುವಾಗಲೇ ಅದರ ಚೂರುಗಳು ನಮ್ಮ ಕಂಪ್ಯೂಟರ್‌ನಿಂದ ಇನ್ನೊಬ್ಬರಿಗೆ ಹೋಗುತ್ತಿರುತ್ತವೆ. ಅಂದರೆ ನೀನು ಬರೀ ನೋಡುವವನಲ್ಲ, ಹಂಚುವವನೂ ನೀನೇ ಅಂದೆ. 'ಅದು ತಾನಾಗೇ ಆಗೋದು, ನಾನೇನ್ ಮಾಡ್ಲಿ' ಅಂದ. ಚೆನ್ನಾಗಿದೆ.

ಒಂದು ವಿಷಯ ಅವನಿಗೆ ಬೇಕಂತಲೇ ಹೇಳಲಿಲ್ಲ. ಅದೇ ಮೆಗಾಅಪ್‌ಲೋಡ್ ಮುಚ್ಚಿದ್ದರ ಬಗ್ಗೆ ಬೇರೆಯವರು ಥಿಯೇಟರ್ ಗಳಿಕೆಯ ಲೆಕ್ಕ ನೋಡಿದ್ದಾರೆ. ಲಾಭ ಆಗಿದ್ದು ತುಂಬಾ ಥಿಯೇಟರ್‌ಗಳಲ್ಲಿ ಒಟ್ಟಿಗೆ ತೆರೆಕಂಡ ದೊಡ್ಡ ಸಿನಿಮಾಗಳಿಗೆ ಮಾತ್ರ. ಎಲ್ಲ ಸೇರಿಸಿ ಸರಾಸರಿ ತೆಗೆದರೆ ಗಳಿಕೆ ಇಳಿದಿತ್ತು! ಬಿಟ್ಟಿ ನೋಡಿದವನು ನಾಲ್ಕು ಜನರಿಗೆ ಹೇಳುತ್ತಾನೆ, ಅವರಲ್ಲಿ ಯಾರೋ ಟಿಕೆಟ್ ತೆಗೆಯುತ್ತಾರೆ. ಪ್ರಚಾರಕ್ಕೆ ಕಾಸಿಲ್ಲದ ಚಿಕ್ಕ ಸಿನಿಮಾಗೆ ಅದೇ ಪ್ರಚಾರ. ಇದು ಅವನ ಕೈಗೆ ಸಿಕ್ಕಿದ್ದರೆ ಮುಗಿಯಿತು ನನ್ನ ಕಥೆ. ಆದರೆ ಅವನು ಕಳಿಸಿದ್ದು ಚಿಕ್ಕ ಸಿನಿಮಾ ಅಲ್ಲವಲ್ಲ. ಹೊಸದಾಗಿ ಬಂದು ಓಡುತ್ತಿರುವ ದೊಡ್ಡ ಸಿನಿಮಾಗಳದ್ದೇ ಬೇರೆ ಲೆಕ್ಕ. ಐರೋಪ್ಯ ಆಯೋಗ ಮಾಡಿಸಿದ ಅಧ್ಯಯನದಲ್ಲಿ, ಅಂಥವನ್ನು ಹತ್ತು ಸಲ ಕದ್ದು ನೋಡಿದರೆ ದುಡ್ಡು ಕೊಟ್ಟು ನೋಡುವುದು ನಾಲ್ಕು ಸಲ ಕಮ್ಮಿಯಾಗುತ್ತದೆ ಅಂತ ಬಂದಿತ್ತು.

ಹತ್ತಕ್ಕೆ ನಾಲ್ಕು. ಹತ್ತೂ ಅಲ್ಲ, ಸೊನ್ನೆಯೂ ಅಲ್ಲ. ನಿರ್ಮಾಪಕರು ಹತ್ತು ಅಂತಾರೆ, ಇವನು ಸೊನ್ನೆ ಅಂತಾನೆ.

ತಲೆ ನೋಯ್ತಿದೆ. ಮಲಗಬೇಕು.

ನಿದ್ದೆ ಬರ್ತಿಲ್ಲ. ನಾನೇನು ಸಾಚಾನಾ? ಹದಿನೈದು ವರ್ಷದ ಹಿಂದೆ ಒಂದು ಹಳೇ ಸಿನಿಮಾಗಾಗಿ ಎಲ್ಲ ಕಡೆ ಹುಡುಕಿದ್ದೆ. ದುಡ್ಡು ಕೊಡ್ತೀನಿ ಅಂದರೂ ಎಲ್ಲೂ ಸಿಗಲಿಲ್ಲ. ಕೊನೆಗೆ ಟೊರೆಂಟ್‌ನಲ್ಲಿ ಇಳಿಸಿಕೊಂಡೆ. ಒಂದಿಷ್ಟೂ ಬೇಜಾರಾಗಲಿಲ್ಲ. ಮಾರದೇ ಇದ್ದದ್ದು ಅವರ ತಪ್ಪು, ಅಲ್ವಾ? ಎರಡು ವರ್ಷ ಆದ ಮೇಲೆ ಅದರ ಒಳ್ಳೇ ಡಿವಿಡಿ ಬಂತು. ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, ವಾಪಸ್ ಇಟ್ಟು ಬಂದೆ. ನೋಡಿಯಾಗಿತ್ತಲ್ಲ.

ಇದನ್ನೂ ಅವನಿಗೆ ಹೇಳಲಿಲ್ಲ.

ಈಗ ಅವನದೇ ಮೆಸೇಜ್. 'ಮಾವ, ಆಡಿಯೋ ಸರಿಯಿಲ್ಲ, ಅರ್ಧಕ್ಕೇ ನಿಲ್ಲಿಸ್ದೆ. ಸಿನಿಮಾ ಮಾತ್ರ ಸೂಪರ್ ಅನ್ಸುತ್ತೆ.' ಇನ್ನು ಇವನು ಉಳಿದರ್ಧಕ್ಕೆ ಟಿಕೆಟ್ ತೆಗೆಯುತ್ತಾನೋ, ಇಲ್ಲಾ ಇನ್ನೊಂದು ಲಿಂಕ್ ಬರಲಿ ಅಂತ ಕಾಯುತ್ತಾನೋ. ಹತ್ತರಲ್ಲಿ ಇವನನ್ನು ನಾಲ್ಕರ ಕಡೆ ಹಾಕಬೇಕೋ, ಆರರ ಕಡೆಯೋ...