ಸೀರೆಯ ಹಿಂಬದಿ

ಪತ್ರಿಕೋದ್ಯಮದ ಎಂ.ಎ. ಓದುವಾಗ ಎಂಟು ವಾರಗಳ ಇಂಟರ್ನ್‌ಶಿಪ್ ಕಡ್ಡಾಯವಾಗಿತ್ತು. ಸಹಪಾಠಿಗಳಲ್ಲಿ ಹೆಚ್ಚಿನವರು ದಿನಪತ್ರಿಕೆಗಳ ಜಿಲ್ಲಾ ಕಚೇರಿಗಳನ್ನೋ ಬೆಂಗಳೂರಿನ ಸುದ್ದಿವಾಹಿನಿಗಳನ್ನೋ ಹುಡುಕಿಕೊಂಡರು. ನಾನು ದಾವಣಗೆರೆಯಲ್ಲಿಯೇ, ಮಂಡಿಪೇಟೆಗೆ ಹತ್ತಿರದ ಒಂದು ಮಹಡಿಯ ಮೇಲೆ ನಡೆಯುತ್ತಿದ್ದ ಸಣ್ಣ ಪ್ರಚಾರ ಕಚೇರಿಯನ್ನು ಸೇರಿದೆ. ಜವಳಿ ಅಂಗಡಿಗಳು, ಮದುವೆಯ ಉಡುಪು ಹೊಲಿದುಕೊಡುವ ಬೊಟಿಕ್‌ಗಳು ಮತ್ತು ಆಗಷ್ಟೇ ಶುರುವಾಗಿದ್ದ ಒಂದು ಸೀರೆ ಬ್ರ್ಯಾಂಡು ಅದರ ಗ್ರಾಹಕರಾಗಿದ್ದವು. ಉಡುಪಿನ ವಿಷಯವನ್ನು ಪತ್ರಿಕೆಗಳಿಗೆ, ನಿಯತಕಾಲಿಕಗಳಿಗೆ ಮತ್ತು ಇನ್‌ಸ್ಟಾಗ್ರಾಮಿನಲ್ಲಿ ಬರೆಯುವವರಿಗೆ ತಲುಪಿಸುವುದು ಕಚೇರಿಯ ಕೆಲಸವೆಂದು ಮನೆಯಲ್ಲಿ ಹೇಳಿದಾಗ, ನಮ್ಮಜ್ಜ ಕೇಳಿದ್ದು ಒಂದೇ ಪ್ರಶ್ನೆ: "ಬಟ್ಟೆ ಮುಟ್ಟಿ ನೋಡ್ತೀಯೋ ಅವ್ವಾ, ಬರೇ ಫೋಟೊ ನೋಡಿ ಬರೀತೀಯೋ?"

ಅಜ್ಜ ಇಲ್ಲಿಯ ಹತ್ತಿ ಗಿರಣಿಯೊಂದರಲ್ಲಿ ಬಟ್ಟೆ ತಪಾಸಣೆಯ ವಿಭಾಗದಲ್ಲಿ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವನ್ನೂ, ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲವನ್ನೂ ಕಂಡವರು. ಅವರ ಪ್ರಶ್ನೆ ನನಗೆ ಆ ಹೊತ್ತಿನಲ್ಲಿ ಅಷ್ಟಾಗಿ ನಾಟಲಿಲ್ಲ. ಎಂಟು ವಾರಗಳ ನಂತರ ಈಗ ಬರೆಯಲು ಕುಳಿತಾಗ, ಅಲ್ಲಿ ನಾನು ಕಲಿತದ್ದೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ ಎನ್ನಿಸುತ್ತದೆ.

ಮೊದಲ ದಿನ ನನ್ನ ಕೈಗೆ ಬಂದದ್ದು ಉದ್ದನೆಯ ರಟ್ಟಿನ ಹೊದಿಕೆಯ ಒಂದು ರಿಜಿಸ್ಟರ್. ಛಾಯಾಚಿತ್ರಕ್ಕೆಂದು ಕಚೇರಿಯಿಂದ ಹೊರಗೆ ಹೋಗುವ ಪ್ರತಿಯೊಂದು ಸೀರೆಗೂ ಅದರಲ್ಲಿ ಒಂದು ಸಾಲು ಇರುತ್ತದೆ: ಸೀರೆಯ ಸಂಖ್ಯೆ, ಬಣ್ಣ, ಯಾರಿಗೆ ಕೊಟ್ಟದ್ದು, ಯಾವ ದಿನ, ಹೋಗುವಾಗ ಹೇಗಿತ್ತು, ಯಾವ ದಿನ ಮರಳಿತು, ಮರಳಿದಾಗ ಹೇಗಿತ್ತು. ಸ್ಯಾಂಪಲ್ ಎಂದು ಕರೆಯುವ ಈ ಸೀರೆಗಳು ಒಂದೊಂದು ವಿನ್ಯಾಸಕ್ಕೆ ಒಂದೊಂದೇ ಇರುವುದರಿಂದ, ಬೆಂಗಳೂರಿನ ಸ್ಟೈಲಿಸ್ಟ್ ಒಬ್ಬರು ಮೂರು ದಿನಕ್ಕೆಂದು ತರಿಸಿಕೊಂಡು ಐದನೆಯ ದಿನ ಕಳಿಸಿದರೆ, ಅದೇ ಸೀರೆಗಾಗಿ ಕಾಯುತ್ತಿರುವ ಮತ್ತೊಂದು ಪತ್ರಿಕೆಯ ಚಿತ್ರೀಕರಣವೇ ನಿಂತುಹೋಗುತ್ತದೆ. ಬಸ್ ನಿಲ್ದಾಣದ ಪಾರ್ಸೆಲ್ ಕೌಂಟರಿಗೆ ನಾನು ವಾರಕ್ಕೆ ನಾಲ್ಕು ಸಲವಾದರೂ ಹೋಗಿ ಬರುತ್ತಿದ್ದೆ.

ಮರಳಿ ಬಂದ ಸೀರೆಯನ್ನು ಬಿಚ್ಚಿ ನೋಡುವುದು ಈ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ ಭಾಗ. ಜುಲೈ ತಿಂಗಳಲ್ಲಿ ಒಂದು ಗಿಳಿಹಸಿರಿನ ಸೀರೆ ಹೀಗೆ ಬಂತು. ಅದನ್ನು ಮೇಜಿನ ಮೇಲೆ ಬಿಳಿಯ ಪಂಚೆ ಹಾಸಿ ಹರಡಿದಾಗ, ನೆರಿಗೆ ಹಿಡಿದಿದ್ದ ಜಾಗದಲ್ಲಿ ಏಳು ಪಿನ್ನಿನ ತೂತುಗಳು, ಸೆರಗಿನ ಮೇಲ್ಭಾಗದಲ್ಲಿ ಹುರುಳಿಕಾಳಿನಷ್ಟಗಲದ ಮುಖಬಣ್ಣದ ಕಲೆ, ಮತ್ತು ಇಡೀ ಬಟ್ಟೆಯಲ್ಲಿ ಯಾವುದೋ ಸುಗಂಧದ ವಾಸನೆ ಇತ್ತು. ರೇಷ್ಮೆಯ ಎಳೆಗಳ ನಡುವೆ ಪಿನ್ನು ಹೋಗಿದ್ದರೆ ಎಳೆಗಳನ್ನು ಉಗುರಿನಿಂದ ಮೆಲ್ಲಗೆ ಸವರಿ ಹತ್ತಿರಕ್ಕೆ ತರಬಹುದು, ಎಳೆಯೇ ಹರಿದಿದ್ದರೆ ಆಗದು. ಏಳರಲ್ಲಿ ಐದು ಕೂಡಿಕೊಂಡವು, ಎರಡು ಹಾಗೆಯೇ ಉಳಿದವು. ಕಚೇರಿಯ ಹಿರಿಯ ಸಹೋದ್ಯೋಗಿ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದವರು, ಆವಿಯ ಇಸ್ತ್ರಿಯನ್ನು ರೇಷ್ಮೆಗೆ ನೇರವಾಗಿ ತಾಗಿಸದೆ ಹಿಂಬದಿಯಿಂದ, ನಡುವೆ ತೆಳುವಾದ ಹತ್ತಿಬಟ್ಟೆ ಇಟ್ಟು ಹಿಡಿಯುವುದನ್ನೂ, ಒಂದು ಹನಿ ನೀರು ಬಿದ್ದರೂ ಕಲೆಯಾಗಿ ನಿಲ್ಲುವುದರಿಂದ ಮೊದಲು ಪಂಚೆಯ ಮೇಲೆ ಪರೀಕ್ಷಿಸುವುದನ್ನೂ, ಜರಿ ಮುರಿಯದಂತೆ ಪ್ರತಿಸಲ ಮಡಿಕೆಯ ಗೆರೆ ಬದಲಿಸಿ ಮಡಚುವುದನ್ನೂ ಕಲಿಸಿದರು. ಉಳಿದ ಎರಡು ತೂತುಗಳನ್ನು ರಿಜಿಸ್ಟರಿನಲ್ಲಿ ಬರೆಯಬೇಕೋ ಬೇಡವೋ ಎಂದು ಕೇಳಿದ್ದಕ್ಕೆ ಅವರು, "ಬರೀಬೇಕು, ಸೀರೆ ನಮ್ಮದಲ್ಲ" ಎಂದರು.

ಬರವಣಿಗೆಯ ಕೆಲಸ ಎರಡನೆಯ ವಾರದಲ್ಲಿ ಸಿಕ್ಕಿತು. ಬ್ರ್ಯಾಂಡಿನವರು ಕಳಿಸಿದ ಇಂಗ್ಲಿಷ್ ಪ್ರಕಟಣೆಯನ್ನು ಯಂತ್ರದಿಂದ ಅನುವಾದಿಸಿ ಕನ್ನಡ ಪತ್ರಿಕೆಗಳಿಗೆ ಕಳಿಸುವುದು ಅಲ್ಲಿಯವರೆಗಿನ ರೂಢಿಯಾಗಿತ್ತು. "ಈ ಸಂಗ್ರಹವು ಇಂದಿನ ಮಹಿಳೆಗೆ ಕಾಲಾತೀತ ಸೊಬಗಿನ ಆಚರಣೆಯಾಗಿದೆ" ಎಂಬಂಥ ವಾಕ್ಯಗಳಿದ್ದ ಆ ಪುಟದಲ್ಲಿ ಸೀರೆಯ ಬಣ್ಣ ಯಾವುದು, ಅಂಚು ಎಷ್ಟಗಲ, ಬೆಲೆ ಎಲ್ಲಿಂದ ಶುರು ಎಂಬ ಯಾವ ಸಂಗತಿಯೂ ಇರಲಿಲ್ಲ. ನಾನು ಅದನ್ನು ಬದಿಗಿಟ್ಟು, ಸೀರೆಗಳನ್ನು ಒಂದೊಂದಾಗಿ ತೆಗೆದು ನೋಡಿ, ಒಡಲು ಅರಿಸಿನ ಹಳದಿ, ಅಂಚು ಕುಂಕುಮಗೆಂಪು, ಸೆರಗಿನಲ್ಲಿ ಎದುರುಬದುರಾದ ನವಿಲುಗಳು ಎಂಬಂತೆ ಬರೆದೆ. ನಮ್ಮ ಮನೆಗಳಲ್ಲಿ ಹೆಂಗಸರು ಸೀರೆಯ ಬಗ್ಗೆ ಮಾತನಾಡುವ ಮಾತುಗಳೇ ಅವು. ಅವನ್ನು ಬಿಟ್ಟು ಬೇರೆ ಕಡೆಯಿಂದ ಪದ ಎರವಲು ತರುವ ಅಗತ್ಯ ನನಗೆ ಕಾಣಲಿಲ್ಲ. ಪುರವಣಿಯೊಂದರ ಉಪಸಂಪಾದಕರು ಫೋನು ಮಾಡಿ, ಮೊದಲ ಬಾರಿಗೆ ನಿಮ್ಮ ಕಚೇರಿಯ ಪುಟವನ್ನು ತಿದ್ದದೆ ಹಾಕಿದೆವೆಂದು ಹೇಳಿದ ದಿನದ ಸಂತೋಷ ಇನ್ನೂ ಹಸಿಯಾಗಿದೆ. ಯಾವ ಹೊತ್ತಿಗೆ ಕಳಿಸಬೇಕೆಂಬುದೂ ಅಲ್ಲಿಯೇ ತಿಳಿಯಿತು. ದೀಪಾವಳಿಯ ವಿಶೇಷಾಂಕಕ್ಕೆ ಎರಡು ಮೂರು ತಿಂಗಳು ಮೊದಲೇ ಚಿತ್ರಗಳು ತಲುಪಿರಬೇಕು; ದಿನಪತ್ರಿಕೆಯವರಿಗಾದರೆ ಪುಟ ಕಟ್ಟುವ ಸಂಜೆಯ ಗಡಿಬಿಡಿಯಲ್ಲಿ ಯಾವುದನ್ನೂ ಕಳಿಸಬಾರದು.

ಬಂದ ಪ್ರಚಾರವನ್ನು ಅಳೆಯುವ ಕೆಲಸ ಮಾತ್ರ ನನಗೆ ಒಗ್ಗಲಿಲ್ಲ. ಪತ್ರಿಕೆಯಲ್ಲಿ ಸುದ್ದಿ ಹಿಡಿದ ಜಾಗವನ್ನು ಸ್ಕೇಲಿನಿಂದ ಕಾಲಂ ಸೆಂಟಿಮೀಟರಿನಲ್ಲಿ ಅಳೆದು, ಅದೇ ಜಾಗದ ಜಾಹೀರಾತು ದರದಿಂದ ಗುಣಿಸಿ, ಇಷ್ಟು ಲಕ್ಷ ರೂಪಾಯಿಯ ಪ್ರಚಾರವನ್ನು ಬಿಟ್ಟಿಯಾಗಿ ತಂದುಕೊಟ್ಟೆವೆಂದು ಗ್ರಾಹಕರಿಗೆ ತೋರಿಸಲಾಗುತ್ತಿತ್ತು. ಸಾರ್ವಜನಿಕ ಸಂಪರ್ಕ ಕ್ಷೇತ್ರದವರೇ 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿ ಒಪ್ಪಿಕೊಂಡ ತತ್ವಗಳಲ್ಲಿ, ಜಾಹೀರಾತಿನ ದರ ಈ ಕೆಲಸದ ಮೌಲ್ಯವಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ; ತರಗತಿಯಲ್ಲಿ ಅದನ್ನು ಓದಿದ್ದ ನಾನು ಕಚೇರಿಯಲ್ಲಿ ಹೇಳಿಯೂ ನೋಡಿದೆ. ಗ್ರಾಹಕರು ಕೇಳುವುದು ರೂಪಾಯಿಯ ಲೆಕ್ಕವನ್ನೇ ಎಂಬ ಉತ್ತರ ಬಂತು. ಸುದ್ದಿ ಓದಿ ಅಂಗಡಿಗೆ ಎಷ್ಟು ಜನ ಬಂದರು, ಏನು ಕೇಳಿದರು ಎಂಬುದನ್ನು ಬರೆದಿಟ್ಟಿದ್ದರೆ ಅದರಿಂದ ಹೆಚ್ಚು ತಿಳಿಯುತ್ತಿತ್ತೆಂದು ನಾನು ಈಗಲೂ ನಂಬಿದ್ದೇನೆ.

ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರಲ್ಲಿ ಅದೇ ದಿನ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಸ್ವದೇಶಿ ಚಳವಳಿಗೆ ಕರೆ ಕೊಟ್ಟದ್ದರ ನೆನಪಿಗೆ 2015ರಿಂದ ಇದನ್ನು ಆಚರಿಸುತ್ತ ಬಂದಿದ್ದಾರೆ. ಸೀರೆ ಬ್ರ್ಯಾಂಡು ತನ್ನ ಹನ್ನೆರಡು ಸೀರೆಗಳ ಹೊಸ ಸಂಗ್ರಹವನ್ನು ಆ ದಿನಕ್ಕೇ ಹೊಂದಿಸಿತ್ತು. ಚಿತ್ರಗಳ ಅಡಿಬರಹ ಬರೆದವಳು ನಾನು. ಬ್ರ್ಯಾಂಡಿನ ಪಟ್ಟಿಯಲ್ಲಿ ಎಂಟು ಸೀರೆಗಳ ಮುಂದೆ, ಚಿತ್ರದುರ್ಗ ಜಿಲ್ಲೆಯ ರೇಷ್ಮೆ ನೇಯ್ಗೆಯ ಊರಿನ ಹೆಸರಾದ "ಮೊಳಕಾಲ್ಮೂರು" ಎಂದೂ ನಾಲ್ಕರ ಮುಂದೆ "ಮೊಳಕಾಲ್ಮೂರು ಶೈಲಿ" ಎಂದೂ ಇತ್ತು. ಆ ಒಂದು ಪದದ ವ್ಯತ್ಯಾಸವನ್ನು ನಾನು ಗಮನಿಸಿದ್ದೆ, ಆದರೆ ಕೇಳಲಿಲ್ಲ. ಹನ್ನೆರಡಕ್ಕೂ "ಕೈಮಗ್ಗದಲ್ಲಿ ನೇಯ್ದ ಮೊಳಕಾಲ್ಮೂರು ರೇಷ್ಮೆ ಸೀರೆ" ಎಂದು ಬರೆದೆ. ಅದು ಹನ್ನೊಂದು ಪತ್ರಿಕೆಗಳಿಗೆ ಹೋಯಿತು.

ಉಡುಪಿನ ಪ್ರಚಾರ ಇಂದಿನ ರೂಪ ಪಡೆಯುವುದರಲ್ಲಿ ಅಮೆರಿಕದ ಎಲೀನರ್ ಲ್ಯಾಂಬರ್ಟ್ ಅವರ ಪಾಲು ದೊಡ್ಡದು. ಪ್ಯಾರಿಸ್ ಜರ್ಮನರ ವಶದಲ್ಲಿದ್ದು ಅಲ್ಲಿಯ ಫ್ಯಾಷನ್ ನೋಡಲು ಯಾರೂ ಹೋಗಲಾಗದಿದ್ದ ಸಮಯದಲ್ಲಿ, 1943ರಲ್ಲಿ ಅವರು ದೇಶದ ಪತ್ರಕರ್ತರನ್ನು ನ್ಯೂಯಾರ್ಕಿಗೆ ಕರೆಸಿ, ಅಲ್ಲಿಯ ವಿನ್ಯಾಸಕಾರರ ಬಟ್ಟೆಗಳನ್ನು ತೋರಿಸುವ ಪ್ರೆಸ್ ವೀಕ್ ಆರಂಭಿಸಿದರು. ಬರೆಯುವವರನ್ನು ಬಟ್ಟೆಯ ಬಳಿಗೇ ಕರೆತರುವ ಈ ಕ್ರಮವನ್ನು ಅನುಸರಿಸಿ ನಮ್ಮ ಕಚೇರಿಯೂ ಜಿಲ್ಲೆಯ ವರದಿಗಾರರನ್ನು ಮೊಳಕಾಲ್ಮೂರಿನ ಮಗ್ಗಗಳಿಗೆ ಕರೆದೊಯ್ಯಲು ಯೋಚಿಸಿತು. ಮೊದಲು ಹೋಗಿ ನೋಡಿಕೊಂಡು ಬರಲು ಛಾಯಾಗ್ರಾಹಕರೊಂದಿಗೆ ನನ್ನನ್ನು ಕಳಿಸಿದರು.

ಚಿತ್ರದುರ್ಗ, ಚಳ್ಳಕೆರೆ ದಾಟಿ, ಶೇಂಗಾ ಹೊಲಗಳ ನಡುವೆ ಸಾಗಿ ನಾವು ಮೊಳಕಾಲ್ಮೂರು ತಲುಪಿದಾಗ ಹತ್ತೂವರೆ. ನಾವು ಹೋದ ಮನೆಯ ನಡುಮನೆಯಲ್ಲೇ ಕುಳಿಮಗ್ಗವಿತ್ತು. ನೇಯುತ್ತಿದ್ದವರಿಗೆ ಅರವತ್ತರ ಮೇಲೆ ವಯಸ್ಸು. ಅವರ ಸೊಸೆ ಪಕ್ಕದಲ್ಲಿ ಕುಳಿತು ಒಂದು ಬದಿಯ ಅಂಚಿನ ಲಾಳಿಯನ್ನು ಹಿಡಿದಿದ್ದರು. ಒಡಲಿಗೆ ಒಂದು ಲಾಳಿ, ಎರಡು ಅಂಚುಗಳಿಗೆ ಒಂದೊಂದು, ಹೀಗೆ ಮೂರು ಲಾಳಿಗಳು. ಒಡಲಿನ ಹೊಕ್ಕು, ಅಂದರೆ ಅಡ್ಡ ಎಳೆ, ಅಂಚಿನ ಗೆರೆಯವರೆಗೆ ಬಂದು, ಅಂಚಿನ ಹೊಕ್ಕಿನೊಂದಿಗೆ ಕೊಂಡಿಯಂತೆ ಸಿಕ್ಕಿಕೊಂಡು ಹಿಂದಿರುಗುತ್ತದೆ. ಪ್ರತಿ ಎಳೆಗೂ ಹೀಗೆ ನಡೆಯಬೇಕಾದ್ದರಿಂದ ಎರಡು ಜೊತೆ ಕೈಗಳು ಬೇಕು. ಅವರಿಬ್ಬರೂ ಮಾತನಾಡುತ್ತಿರಲಿಲ್ಲ, ಒಬ್ಬರನ್ನೊಬ್ಬರು ನೋಡುತ್ತಲೂ ಇರಲಿಲ್ಲ, ಆದರೂ ಲಾಳಿಗಳು ಸರಿಯಾದ ಕ್ಷಣಕ್ಕೆ ಬಂದು ಸೇರುತ್ತಿದ್ದವು. ನಾನು ಅರ್ಧ ಗಂಟೆ ನಿಂತು ನೋಡಿದೆ. ಅಷ್ಟರಲ್ಲಿ ಸೀರೆ ಬೆಳೆದದ್ದು ನನ್ನ ನಾಲ್ಕು ಬೆರಳಿನಷ್ಟು.

ಚಿತ್ರಕ್ಕೆಂದು ನಾವು ಸಂಗ್ರಹದಿಂದ ಎರಡು ಸೀರೆಗಳನ್ನು ಒಯ್ದಿದ್ದೆವು. ಯಜಮಾನರು ಕೈ ಒರೆಸಿಕೊಂಡು ಒಂದನ್ನು ಬಿಚ್ಚಿ, ಮುಂಭಾಗವನ್ನು ನೋಡದೆ ನೇರವಾಗಿ ಹಿಂಬದಿಗೆ ತಿರುವಿದರು. ಅಂಚು ಒಡಲಿಗೆ ಸೇರುವ ಗೆರೆಯ ಮೇಲೆ ಹೆಬ್ಬೆರಳಾಡಿಸಿ, "ಇದು ನಮ್ಮ ಕಡೇದು" ಎಂದರು. ಇನ್ನೊಂದರಲ್ಲಿ ಹೆಬ್ಬೆರಳು ಎಲ್ಲಿಯೂ ತಡೆಯಲಿಲ್ಲ. ಒಡಲಿನ ನೀಲಿ ಹೊಕ್ಕು ಅಂಚಿನೊಳಕ್ಕೂ ಹಾಯ್ದು ಹೋಗಿದ್ದರಿಂದ ಕೆಂಪು ಅಂಚು ಅಪ್ಪಟ ಕೆಂಪಾಗಿರದೆ ನೀಲಿ ಬೆರೆತಂತೆ ಕಾಣುತ್ತಿತ್ತು. ಅದನ್ನು ನಾನು ಅಡಿಬರಹದಲ್ಲಿ ನೇರಳೆ ಛಾಯೆಯ ಅಂಚು ಎಂದು ಹೊಗಳಿ ಬರೆದಿದ್ದೆ. "ಇದನ್ನ ನಾವು ನೇಯ್ದಿಲ್ಲಮ್ಮ. ಕೆಟ್ಟ ಸೀರೆ ಅಂತಲ್ಲ. ಆದ್ರೆ ನಮ್ಮ ಊರಿನ ಹೆಸರು ಇದಕ್ಯಾಕೆ?" ಎಂದು ಕೇಳಿ, ಮಡಿಕೆ ತಪ್ಪದಂತೆ ಮಡಚಿ ನನ್ನ ಕೈಗಿಟ್ಟರು. ನನಗೆ ಉತ್ತರ ಹೊಳೆಯಲಿಲ್ಲ.

ಅವರಿಂದಲೇ ನಾನು ಇನ್ನೊಂದು ವಿಷಯವನ್ನು ಬಿಡಿಸಿಕೊಂಡೆ. 2004ರಿಂದ ಇರುವ ಸಿಲ್ಕ್ ಮಾರ್ಕ್ ಹೇಳುವುದು ಬಟ್ಟೆ ಶುದ್ಧ ರೇಷ್ಮೆಯೆಂದು ಮಾತ್ರ, ಅದನ್ನು ಕೈಯಿಂದ ನೇಯ್ದರೋ ವಿದ್ಯುತ್ ಮಗ್ಗದಲ್ಲಿ ನೇಯ್ದರೋ ಎಂಬುದನ್ನಲ್ಲ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಕೈಮಗ್ಗದ್ದೆಂದು ಹೇಳುತ್ತದೆ, ಯಾವ ಊರಿನದೆಂದು ಹೇಳುವುದಿಲ್ಲ. ಊರಿನ ಹೆಸರನ್ನು ಕಾಯುವುದು ಜಿಐ ಟ್ಯಾಗ್ ಎಂಬ ಭೌಗೋಳಿಕ ಸೂಚಕ, ಮೊಳಕಾಲ್ಮೂರು ಸೀರೆಗೆ ಅದು ದೊರೆತಿದೆ. ಮೂರೂ ಬೇರೆ ಬೇರೆ ಮಾತುಗಳು. ನಾನು ನಾಲ್ಕು ಸೀರೆಗಳ ಮೇಲಿದ್ದ ಸಿಲ್ಕ್ ಮಾರ್ಕ್ ಒಂದನ್ನೇ ಕಂಡು ಮೂರನ್ನೂ ಬರೆದುಬಿಟ್ಟಿದ್ದೆ.

ಮರಳುವಾಗ ಛಾಯಾಗ್ರಾಹಕರು ದಾರಿ ಬಿಟ್ಟು ಬ್ರಹ್ಮಗಿರಿಗೆ ಕರೆದೊಯ್ದರು. ಅಲ್ಲಿಯ, ಸಿದ್ದಾಪುರದ ಮತ್ತು ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು 1890ರ ದಶಕದ ಆರಂಭದಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಪತ್ತೆಹಚ್ಚಿದರೆಂದು ಶಾಲೆಯಲ್ಲಿ ಓದಿದ್ದೆ. ಪ್ರಜೆಗಳಿಗೆಂದು ಹೊರಟ ಆ ರಾಜಪ್ರಕಟಣೆಯ ಕೊನೆಯಲ್ಲಿ ಬರೆದವನ ಹೆಸರು ಚಪಡ ಎಂದಿದೆ. ಉಳಿದೆಲ್ಲವೂ ಬ್ರಾಹ್ಮಿಯಲ್ಲಿದ್ದರೆ, ಲಿಪಿಕಾರ ಎಂಬ ತನ್ನ ಕಸುಬಿನ ಪದವನ್ನು ಮಾತ್ರ ಆತ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಈ ಬಂಡೆಗಳ ನಡುವೆ ಒಬ್ಬ ಬರಹಗಾರ ತಾನು ಬರೆದದ್ದಕ್ಕೆ ಹೆಸರು ಹಾಕಿ ನಿಂತಿದ್ದ. ನನ್ನ ಅಡಿಬರಹದ ಕೆಳಗೆ ನನ್ನ ಹೆಸರು ಇರಲಿಲ್ಲ, ಆ ಎಂಟು ಸೀರೆಗಳ ಮೇಲೆ ನೇಯ್ದವರ ಹೆಸರೂ ಇರಲಿಲ್ಲ.

ಮರುದಿನ ಖರೀದಿಯ ಬಿಲ್ಲುಗಳನ್ನು ತರಿಸಿ ನೋಡಿದಾಗ, ಆ ನಾಲ್ಕು ಸೀರೆಗಳು ಬೇರೆ ಊರಿನ ವಿದ್ಯುತ್ ಮಗ್ಗದವು ಎಂಬುದು ಖಚಿತವಾಯಿತು. ತಿದ್ದುಪಡಿ ಕಳಿಸೋಣವೆಂದರೆ ಕಚೇರಿಯ ಮುಖ್ಯಸ್ಥರು ಒಪ್ಪಲಿಲ್ಲ. ಯಾರೂ ಕೇಳಿಲ್ಲ, ಒಂದು ಪತ್ರಿಕೆಯಲ್ಲಷ್ಟೇ ಆ ಚಿತ್ರ ಬಂದಿದೆ, ಸುಮ್ಮನಿದ್ದರೆ ಮರೆತುಹೋಗುತ್ತದೆ ಎಂಬುದು ಅವರ ವಾದ. ಗ್ರಾಹಕರನ್ನು ಕಳೆದುಕೊಳ್ಳುವ ಭಯ ಅವರಿಗಿತ್ತು, ಅದು ನನಗೆ ಅರ್ಥವಾಗುತ್ತದೆ. ಆದರೆ ಕೈಮಗ್ಗ ದಿನದ ಹೆಸರಿನಲ್ಲಿಯೇ ಆದ ತಪ್ಪನ್ನು ಹಾಗೆ ಬಿಡುವುದು ಆ ಮಗ್ಗದ ಮನೆಯವರಿಗೆ ಮಾಡುವ ಅನ್ಯಾಯವೆಂದು ನಾನು ಎರಡು ದಿನ ಬಿಡದೆ ಹೇಳಿದೆ. ವರದಿಗಾರರನ್ನು ಅದೇ ಮಗ್ಗಕ್ಕೆ ಕರೆದೊಯ್ಯುವವರು ನಾವೇ, ಯಜಮಾನರು ಅವರೆದುರೂ ಸೀರೆಯ ಹಿಂಬದಿಯನ್ನು ತಿರುವಿ ನೋಡುತ್ತಾರೆ ಎಂದು ಅಕ್ಕ ದನಿಗೂಡಿಸಿದ ಮೇಲೆ ಅವರು ಒಪ್ಪಿದರು. ತಿದ್ದುಪಡಿ ಹನ್ನೊಂದು ಪತ್ರಿಕೆಗಳಿಗೂ ಹೋಯಿತು. ಚಿತ್ರ ಹಾಕಿದ್ದ ಪತ್ರಿಕೆ ಮುಂದಿನ ವಾರ ಅದನ್ನು ಮೂರು ಸಾಲಿನಲ್ಲಿ ಪ್ರಕಟಿಸಿತು. ಆ ಕತ್ತರಿಕೆಯನ್ನು ಫೈಲಿಗೆ ಅಂಟಿಸಿದೆ, ಸ್ಕೇಲು ಹಿಡಿಯಲಿಲ್ಲ.

ಕೊನೆಯ ವಾರ, ಮುಖ್ಯಸ್ಥರ ಒಪ್ಪಿಗೆ ಪಡೆದು, ರಿಜಿಸ್ಟರಿನ ಎಡಬದಿಯಲ್ಲಿ "ನೇಯ್ದವರು, ಊರು" ಎಂಬ ಹೊಸ ಅಂಕಣದ ಗೆರೆ ಎಳೆದೆ. ಹೆಸರು ಹಾಕಬಹುದೇ ಎಂದು ಮೊಳಕಾಲ್ಮೂರಿನ ಮನೆಗೆ ಫೋನು ಮಾಡಿದಾಗ ಯಜಮಾನರು ತಮ್ಮ ಹೆಸರಿನ ಜೊತೆ ಸೊಸೆಯದನ್ನೂ ಬರೆಯಬೇಕೆಂದರು, ಬರೆದೆ. ನಾನು ರಿಜಿಸ್ಟರನ್ನು ಅಕ್ಕನಿಗೆ ಒಪ್ಪಿಸಿ ಬಂದ ಸಂಜೆ, ಆ ಎಂಟು ಸೀರೆಗಳಲ್ಲಿ ಐದರ ಮುಂದೆ ಹೆಸರುಗಳಿದ್ದವು. ಉಳಿದ ಮೂರನ್ನು ವ್ಯಾಪಾರಿಯೊಬ್ಬರ ಮೂಲಕ ಕೊಂಡಿದ್ದರು. ಅವರನ್ನು ಕೇಳಿ ತುಂಬಿಸುವುದಾಗಿ ಅಕ್ಕ ಹೇಳಿದ್ದಾರೆ.