ತಿರುಗಿಸಿ ನೋಡಿದ ಅಜ್ಜಿ

ಲಂಗರು ಹಾಕಿ ಹತ್ತು ನಿಮಿಷವೂ ಆಗಿರಲಿಲ್ಲ, ಪುಟ್ಟ ದೋಣಿಯೊಂದು ನಮ್ಮ ಹಾಯಿದೋಣಿಯ ಪಕ್ಕಕ್ಕೆ ಬಂದು ನಿಂತಿತು. ಮರದ ದಿಮ್ಮಿ ಕೊರೆದು ಮಾಡಿದ್ದು. ಇಲ್ಲಿ ಅದಕ್ಕೆ ಉಲು ಅಂತಾರೆ. ಹುಟ್ಟು ಹಾಕುತ್ತಿದ್ದವಳು ಹದಿನೈದರ ಹುಡುಗಿ. ಮುಂದೆ ಕೂತವರು ಅವಳ ಅಜ್ಜಿ. ಮೂಗಿನಲ್ಲಿ ಚಿನ್ನದ ನತ್ತು, ಮುಂಗೈ ತುಂಬ ಕಾಲು ತುಂಬ ಬಣ್ಣದ ಮಣಿಸರ ಸುತ್ತಿದ್ದರು. ಮಡಿಲಲ್ಲೊಂದು ಪ್ಲಾಸ್ಟಿಕ್ ಬಕೆಟ್. ಅದರ ತುಂಬ ಮೋಲ ಅನ್ನುವ, ಕೈಯಲ್ಲಿ ಹೊಲಿದ ಬಟ್ಟೆ.

ಪನಾಮದ ಗುನಾ ಯಾಲ ದ್ವೀಪಗಳಿಗೆ ನಾನು ಹೋದದ್ದೇ ಈ ಬಟ್ಟೆಗಾಗಿ. ಗೆಳೆಯನ ದೋಣಿಯಲ್ಲಿ ಎಂಟು ದಿನ ಇದ್ದೆ. ನೀಲಿ ನೀರು, ಬಿಳಿ ಮರಳು ಎಲ್ಲ ಫೋಟೊದಲ್ಲಿ ಕಾಣುವ ಹಾಗೇ ಇವೆ, ಅದು ಬಿಡಿ. ಒಂದು ಮಾತು ಮಾತ್ರ ಹೇಳಬೇಕು: ಜನ ಇಲ್ಲದ ದ್ವೀಪದಲ್ಲೂ ತೆಂಗಿನ ಮರಗಳಿಗೆ ಯಜಮಾನರಿದ್ದಾರೆ. ಬಿದ್ದ ಕಾಯಿಯನ್ನೂ ಎತ್ತಬೇಡಿ. ಕೊಲಂಬಿಯಾದ ವ್ಯಾಪಾರಿ ದೋಣಿಗಳಿಗೆ ಕಾಯಿ ಕೊಟ್ಟು ಸಾಮಾನು ಕೊಂಡು ಬದುಕಿದ ಜನ ಇವರು.

ಮೋಲ ಅಂದರೆ ಇಲ್ಲಿನ ಮೂಲನಿವಾಸಿ ಗುನಾ ಹೆಂಗಸರ ರವಿಕೆ. ಅದರ ಎದೆಗೊಂದು, ಬೆನ್ನಿಗೊಂದು ಕಸೂತಿಯಂಥ ಅಂಕಣ ಇರುತ್ತದೆ, ಅದಕ್ಕೂ ಮೋಲ ಅಂತಲೇ ಹೆಸರು. ಆದರೆ ಇದು ಕಸೂತಿ ಅಲ್ಲ. ಎರಡು ಮೂರು ಬಣ್ಣದ ಬಟ್ಟೆ ಒಂದರ ಮೇಲೊಂದು ಇಡುತ್ತಾರೆ. ಮೇಲಿನದನ್ನು ಕತ್ತರಿಸಿ, ಅಂಚನ್ನು ಒಳಕ್ಕೆ ಮಡಚಿ ಹೊಲಿಯುತ್ತಾರೆ. ಕೆಳಗಿನ ಬಣ್ಣ ಸಣ್ಣ ಗೆರೆಯಾಗಿ ಇಣುಕುತ್ತದೆ. ಗೆರೆ ಸಣ್ಣಗಿದ್ದಷ್ಟೂ, ಹೊಲಿಗೆ ಕಾಣದಷ್ಟೂ ಕೆಲಸ ಚೆನ್ನ. ಇದನ್ನು ಹಾಕಬೇಡಿ, ಮೂಗಿನ ನತ್ತು ತೆಗೆಯಿರಿ ಎಂದು ಪನಾಮದ ಪೊಲೀಸರು ಬಲವಂತ ಮಾಡಿದಾಗ, 1925ರ ಫೆಬ್ರವರಿಯಲ್ಲಿ ಗುನಾ ಜನ ಬಂಡೆದ್ದರು. ಗೆದ್ದರು ಕೂಡ.

ಅಜ್ಜಿ ತೆಗೆದ ಒಂದು ಜೋಡಿ ನನ್ನ ಕಣ್ಣಿಗೆ ಬಿತ್ತು. ಕೆಂಪು ನೆಲದಲ್ಲಿ ಎರಡು ಹಕ್ಕಿ. ಹಾಕಿ ಒಗೆದು ಮೆತ್ತಗಾದ ರವಿಕೆಯಿಂದ ಬಿಚ್ಚಿದ್ದು. ನನಗೆ ಹೊಸದಕ್ಕಿಂತ ಇಂಥದ್ದೇ ಇಷ್ಟ. ಎರಡಕ್ಕೆ 60 ಡಾಲರ್ ಅಂದರು. ಅಭ್ಯಾಸಬಲದಿಂದ 40ಕ್ಕೆ ಕೇಳಿಬಿಟ್ಟೆ. ಅಜ್ಜಿ ಏನೂ ಅನ್ನಲಿಲ್ಲ. ಬಟ್ಟೆ ತಿರುಗಿಸಿ, ಹಿಂಬದಿಯನ್ನು ನನ್ನ ಮುಂದೆ ಹಿಡಿದರು. ಸಾವಿರಾರು ಪುಟ್ಟ ಹೊಲಿಗೆ, ಸಾಸಿವೆ ಚೆಲ್ಲಿದ ಹಾಗೆ. ನಾನು ಸುಮ್ಮನಾದೆ.

ಒಳಗೆ ಹೋಗಿ ಕೌದಿ ತಂದೆ. ಧಾರವಾಡದ ನಮ್ಮಜ್ಜಿ ಹಳೇ ಸೀರೆ ಕೂಡಿಸಿ ಹೊಲಿದದ್ದು, ಎಲ್ಲಿಗೆ ಹೋದರೂ ಜೊತೆಗಿರುತ್ತದೆ. ದೋಣಿಯ ಅಜ್ಜಿ ಮೊದಲು ಮಾಡಿದ್ದೇ ಅದನ್ನು ತಿರುಗಿಸಿದ್ದು! ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಹೋದರು. ಅವರ ಮಾತನ್ನು ಹುಡುಗಿ ಸ್ಪ್ಯಾನಿಷ್‌ನಲ್ಲಿ ಹೇಳಿದಳು, ಗೆಳೆಯ ನನಗೆ ಹೇಳಿದ.

"ಯಾರು ಹೊಲಿದದ್ದು?"

"ನಮ್ಮಜ್ಜಿ."

"ಇದ್ದಾರಾ?"

"ಇಲ್ಲ."

ಜೋಡಿ ಮೋಲಕ್ಕೆ ಕೌದಿ ಕೊಡ್ತೀಯಾ ಅಂತ ಕೇಳಬೇಕು ಅಂದುಕೊಂಡಿದ್ದೆ, ಈಗ ಕೇಳಲ್ಲ ಅಂದರಂತೆ. ನೀಟಾಗಿ ಮಡಚಿ ನನ್ನ ಕೈಗಿಟ್ಟರು.

ದುಡ್ಡು ಕೊಡುವಾಗ ಪೇಚಿಗೆ ಬಿದ್ದೆ. ದ್ವೀಪದಲ್ಲಿ ಎಲ್ಲ ಕಡೆ ಚಿಲ್ಲರೆ ಸಿಗುತ್ತೆ ಅಂತ ಪನಾಮ ಸಿಟಿಯ ಏಜೆಂಟ್ ಒಬ್ಬ ಹೇಳಿದ್ದ. ಅದು ಸುಳ್ಳು, ಈಗಲೂ ಸಿಟ್ಟಿದೆ. ನನ್ನಲ್ಲಿದ್ದದ್ದು 100ರ ನೋಟುಗಳು, ಜೊತೆಗೆ 30 ಡಾಲರ್ ಚಿಲ್ಲರೆ. ಲಂಗರಿನ ಶುಲ್ಕ ಕಟ್ಟಿ ಗೆಳೆಯನ ಚಿಲ್ಲರೆಯೂ ಮುಗಿದಿತ್ತು. ದಯವಿಟ್ಟು 1, 5ರ ನೋಟುಗಳನ್ನು ಕಟ್ಟುಗಟ್ಟಲೆ ಒಯ್ಯಿರಿ. ಒಂದು ಮೋಲ ಸಾಕು ಅಂದೆ. ಅಜ್ಜಿ ತಲೆ ಅಲ್ಲಾಡಿಸಿದರು. ಎದೆ ಬೆನ್ನು ಬೇರೆ ಮಾಡಲ್ಲ.

ಅಷ್ಟರಲ್ಲಿ ಅವರ ಕಣ್ಣು ನನ್ನ ಓದುವ ಕನ್ನಡಕದ ಮೇಲೆ ಬಿತ್ತು. ಈಗ ಸೂಜಿಗೆ ದಾರ ಪೋಣಿಸುವುದು ನಾನೇ, ಅಂದಳು ಹುಡುಗಿ. ತೆಗೆದು ಕೊಟ್ಟೆ. ಹಾಕಿಕೊಂಡರು. 30 ಡಾಲರ್ ಮತ್ತು ಕನ್ನಡಕಕ್ಕೆ ಜೋಡಿ ನನ್ನದಾಯಿತು.

ಆದರೆ ಅಜ್ಜಿ ಕೊಡಲಿಲ್ಲ. ಕನ್ನಡಕದೊಳಗಿಂದ ಹಕ್ಕಿಯ ರೆಕ್ಕೆ ನೋಡುತ್ತಾ ಏನೋ ಗೊಣಗಿದರು. ಬಕೆಟ್ಟಿನಿಂದ ಸೂಜಿ ದಾರ ತೆಗೆದು ತಾವೇ ಪೋಣಿಸಿದರು. ಒಂದು ಹೊಲಿಗೆ ಬಿಚ್ಚಿ, ಮತ್ತೆ ಹಾಕಿ, ಹಲ್ಲಿನಲ್ಲಿ ದಾರ ಕಚ್ಚಿ, ಆಮೇಲೆ ಕೊಟ್ಟರು.