ಮರಗಸಿ ಕಲಿಯಲು ಬಂದ ಅಕ್ಕನ ಮಗನಿಗೆ

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿ, "ಮಾವ, ಬೆಂಗಳೂರಿನ ಕೆಲಸ ಬಿಟ್ಟೆ, ನಿಮ್ಮ ಜೊತೆ ಮರಗಸಿಗೆ ಬರ್ತೀನಿ" ಅಂದ. ಮರಗಸಿ ಅಂದರೆ ಕಾಫಿ ತೋಟದ ನೆರಳುಮರ ಹತ್ತಿ, ಹೆಚ್ಚಾದ ಕೊಂಬೆ ಕಡಿದು, ಕೆಳಗಿನ ಗಿಡಕ್ಕೆ ಬೇಕಾದಷ್ಟೇ ಬಿಸಿಲು ಬಿಡುವ ಕೆಲಸ. ಅವನಿಗೆ 19 ವರ್ಷ. ಅಕ್ಕ ಅತ್ತಳು. ನಾನು ಬೇಡ ಅನ್ನಲಿಲ್ಲ. ಮೂಡಿಗೆರೆ ಸುತ್ತಿನ ಕಾಫಿ ತೋಟಗಳಲ್ಲಿ ಮರ ಹತ್ತಲು ಶುರು ಮಾಡಿ 22 ವರ್ಷವಾಯಿತು. ನನ್ನ ಜೊತೆ ಹತ್ತುತ್ತಿದ್ದವರಲ್ಲಿ ಹೆಚ್ಚಿನವರು ಈಗ ಹತ್ತುವುದಿಲ್ಲ, ಹೊಸ ಹುಡುಗರು ಬರುವುದಂತೂ ಅಪರೂಪ. ಈ ಕೆಲಸ ಬಲ್ಲವರು ಇಲ್ಲವಾದರೆ ತೋಟಗಳ ಮರಗಳ ಗತಿ ಏನು ಎಂಬ ಚಿಂತೆ ನನಗೆ ನಿಜವಾಗಿಯೂ ಇದೆ. ಹಾಗಾಗಿ ಅವನಿಗೆ ಹೇಳಿದ್ದನ್ನು ಇಲ್ಲೂ ಬರೆದಿಡುತ್ತಿದ್ದೇನೆ.

ಬಂದ ದಿನವೇ ಕತ್ತಿ ಕೇಳಿದ. ಕೊಡಲಿಲ್ಲ. ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದ ಹೊತ್ತಲ್ಲಿ ತೋಟದೊಳಗೆ ಕರೆದುಕೊಂಡು ಹೋಗಿ, "ಮರ ಆಮೇಲೆ ನೋಡು, ಮೊದಲು ನೆಲ ನೋಡು" ಅಂದೆ. ಒಂದು ಕಡೆ ತರಗಿನ ಮೇಲೆ ಬಿಸಿಲು ಚಾಪೆ ಹಾಸಿದ ಹಾಗೆ ಬಿದ್ದಿತ್ತು. ಹತ್ತು ಹೆಜ್ಜೆ ಆಚೆ ಹಲಸಿನ ಬುಡದಲ್ಲಿ ಮಧ್ಯಾಹ್ನವೂ ಕತ್ತಲು. ಇನ್ನೊಂದು ಕಡೆ ಅಂಗೈಯಷ್ಟಗಲದ ಬಿಸಿಲಿನ ಚುಕ್ಕೆಗಳು, ಗಾಳಿ ಬೀಸಿದಾಗ ಗಿಡದಿಂದ ಗಿಡಕ್ಕೆ ಜಾರುತ್ತಿದ್ದವು. ಮೂರನೆಯದು ಸರಿಯಾದ ನೆರಳು. ಮೊದಲ ಎರಡನ್ನೂ ಮೂರನೆಯದರ ಹಾಗೆ ಮಾಡುವುದೇ ನಮ್ಮ ಕೆಲಸ.

ಇದು ಕಣ್ಣಿನ ಚೆಂದಕ್ಕೆ ಹೇಳುವ ಮಾತಲ್ಲ. ಅರೇಬಿಕಾ ಜಾತಿಯ ಕಾಫಿ ಗಿಡದ ಕಾಂಡಕ್ಕೆ ನೇರ ಬಿಸಿಲು ಬಿದ್ದರೆ ಬಿಳಿ ಕಾಂಡಕೊರಕ ಎಂಬ ಕೀಟ ಹುಡುಕಿಕೊಂಡು ಬರುತ್ತದೆ. ಅದರ ದುಂಬಿ ಏಪ್ರಿಲ್, ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಹಾರಾಡುತ್ತದೆ. ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಹುಳ ಒಳಗೇ ಕೊರೆಯುತ್ತಾ ಹೋಗುತ್ತದೆ, ಎಲೆ ಹಳದಿಯಾಗಿ ನಮಗೆ ಗೊತ್ತಾಗುವ ಹೊತ್ತಿಗೆ ಆ ಗಿಡ ಕಿತ್ತು ಸುಡುವುದೊಂದೇ ದಾರಿ. ನಾವು ಮರ ಹತ್ತುವುದೂ ಕಾಫಿ ಹೂವರಳಿಸುವ ಹೂಮಳೆ ಕಳೆದು ಮುಂಗಾರು ಹಿಡಿಯುವುದರೊಳಗೆ, ಅಂದರೆ ಹೆಚ್ಚುಕಡಿಮೆ ಆ ದುಂಬಿ ಹಾರುವ ದಿನಗಳಲ್ಲೇ. ಒಂದೇ ಏಟಿಗೆ ಮರ ಬೋಳಿಸಿ ಕೆಳಗಿಳಿದವನು ಆ ಹುಳಕ್ಕೆ ಬಾಗಿಲು ತೆಗೆದು ಬಂದಂತೆ. ಇತ್ತ ಕತ್ತಲಿನಲ್ಲಿ ಬಿಟ್ಟ ಗಿಡಕ್ಕೆ ಮಳೆಗಾಲದಲ್ಲಿ ಕೊಳೆರೋಗ. ಎಲೆ, ಕಾಯಿ ಕಪ್ಪಾಗಿ ಬೂಸ್ಟಿನ ಎಳೆ ಹಿಡಿದು ನೇತಾಡುತ್ತಿರುತ್ತವೆ. ವಿಜ್ಞಾನಿಗಳು ಆ ಶಿಲೀಂಧ್ರವನ್ನು ಕರೆಯುವುದೂ ‘ಕೊಲೆರೋಗ ನಾಕ್ಸಿಯಾ’ ಎಂದೇ, ನಮ್ಮ ಮಾತನ್ನೇ ತೆಗೆದುಕೊಂಡು. ಇನ್ನೊಂದು ಜಾತಿಯ ಕಾಫಿ ರೊಬಸ್ಟಾ ಬಿಸಿಲು ಸ್ವಲ್ಪ ಜಾಸ್ತಿ ತಡೆಯುತ್ತದೆ, ಅಲ್ಲಿ ಕೈ ಸಡಿಲ ಬಿಡಬಹುದು. ಅರೇಬಿಕಾದಲ್ಲಿ ಪಡುವಣ ದಿಕ್ಕಿನ ಕೊಂಬೆ ಕೈಗೆ ಸಿಕ್ಕಿದರೂ ಎರಡು ಸಲ ಯೋಚನೆ ಮಾಡಬೇಕು, ಮಧ್ಯಾಹ್ನ ಮೇಲಿನ ಬಿಸಿಲು ಸುಡುವ ಬಿಸಿಲು.

ಮೊದಲ ವರ್ಷ ಹಗ್ಗ ಹಿಡಿ ಅಂದೆ. ಮುಖ ಸಣ್ಣದಾಯಿತು. ಆದರೆ ಹಗ್ಗ ಹಿಡಿಯುವವನ ಕೈಯಲ್ಲಿ ಮೇಲಿರುವವನ ಜೀವವೂ ಇದೆ, ಕೆಳಗಿನ ಕಾಫಿಯೂ ಇದೆ. ದಪ್ಪ ಕೊಂಬೆಯನ್ನು ಕಟ್ಟಿ, ಪಕ್ಕದ ಕವಲಿಗೆ ಹಗ್ಗ ಹಾಯಿಸಿ, ಮರದ ಬುಡಕ್ಕೆ ಎರಡು ಸುತ್ತು ಸುತ್ತಿ ನಿಧಾನಕ್ಕೆ ಬಿಡಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವ ಚಾಳಿ ಎಷ್ಟೋ ಹುಡುಗರಿಗೆ ಇರುತ್ತದೆ, ಅದನ್ನು ಮೊದಲ ದಿನವೇ ಬಿಡಿಸಬೇಕು. ಕೊಂಬೆ ಹಠಾತ್ತನೆ ಜಾರಿದರೆ ಬೆರಳು ಉಳಿಯುವುದಿಲ್ಲ. ಕೆಳಗೆ ನಿಂತವನು ಮೇಲಿನವನ ಮಾತು ಕೇಳದೆ ಒಂದು ಹೆಜ್ಜೆಯನ್ನೂ ಮರದ ಅಡಿಗೆ ಇಡಕೂಡದು.

ಕೊಂಬೆ ಕಡಿಯುವ ಬಗೆಯನ್ನು ನಾನು ಕಲಿತದ್ದು ತಪ್ಪು ಮಾಡಿ. ಎರಡನೇ ವರ್ಷ, ಒಂದು ತೋಟದಲ್ಲಿ ದೊಡ್ಡ ಅತ್ತಿಮರ. ತೊಡೆ ದಪ್ಪದ ಕೊಂಬೆಗೆ ಮೇಲಿಂದ ಕೊಯ್ದುಕೊಂಡು ಹೋದೆ. ಅರ್ಧ ದಾಟಿದ್ದೇ ತಡ, ಕೊಂಬೆ ತನ್ನ ಭಾರಕ್ಕೆ ತಾನೇ ಮುರಿದು, ಹೋಗುವಾಗ ಬುಡದ ತೊಗಟೆಯನ್ನು ಮೂರು ಮೊಳ ಉದ್ದಕ್ಕೆ ಸೀಳಿಕೊಂಡು ಹೋಯಿತು. ಬಿಳಿ ಹಾಲು ಸುರಿಯಿತು. ಕೆಳಗಿದ್ದ ನಮ್ಮ ಹಿರಿಯರು ಬೈಯಲಿಲ್ಲ, ಇಳಿದು ಬಾ ಅಂದರು ಅಷ್ಟೆ. ಆರು ಮಳೆಗಾಲ ಕಳೆಯುವುದರೊಳಗೆ ಆ ಸೀಳಿನಲ್ಲಿ ನೀರು ಕೂತು ಮರ ಒಳಗೇ ಟೊಳ್ಳಾಗಿ, ಒಂದು ಜುಲೈ ಗಾಳಿಗೆ ಅರ್ಧ ಮರ ಕಾಫಿ ಗಿಡಗಳ ಮೇಲೆ ಮಲಗಿತು. ಆ ಮರದಲ್ಲಿ ಮಂಗಟ್ಟೆ ಹಕ್ಕಿಗಳು ಹಣ್ಣಿಗೆ ಬರುತ್ತಿದ್ದವು. ಆ ದಾರಿಯಲ್ಲಿ ಹೋದಾಗ ಇವತ್ತಿಗೂ ಕಣ್ಣು ಅತ್ತ ಹೋಗುತ್ತದೆ.

ಅದಕ್ಕೇ ಅಳಿಯನಿಗೆ ಸೌದೆ ಕೊಂಬೆಯ ಮೇಲೆ ನೂರು ಸಲ ಮಾಡಿಸಿದೆ. ಬುಡದಿಂದ ಒಂದು ಮೊಳ ಬಿಟ್ಟು ಮೊದಲು ಅಡಿಯಿಂದ ಗರಗಸ ಹಾಕು, ಕಾಲು ಭಾಗ ಸಾಕು. ಆಮೇಲೆ ಅದಕ್ಕಿಂತ ನಾಲ್ಕು ಬೆರಳು ಹೊರಗೆ, ಮೇಲಿಂದ ಕೊಯ್ಯಿ. ಭಾರ ಬಿದ್ದುಹೋದ ಮೇಲೆ ಉಳಿದ ಮೋಟನ್ನು ಕೊನೆಗೆ ತೆಗೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಕತ್ತಿನ ಮಡಿಕೆಯ ಹಾಗೆ ಒಂದು ಉಬ್ಬು ಇರುತ್ತದೆ. ಗಾಯ ಮುಚ್ಚುವ ಶಕ್ತಿ ಮರಕ್ಕೆ ಇರುವುದು ಆ ಉಬ್ಬಿನಲ್ಲಿ. ಅದನ್ನು ಕೆತ್ತಿ ಕಾಂಡಕ್ಕೆ ಸಮ ಮಾಡಿದರೆ ನೋಡಲು ನುಣುಪು, ಆದರೆ ಗಾಯ ಮಾಯುವುದು ಕಷ್ಟ. ಗೇಣುದ್ದ ಮೋಟು ಬಿಟ್ಟರೂ ಕೊಳೆತು ಒಳಗಿಳಿಯುತ್ತದೆ. ಉಬ್ಬಿನ ಹೊರ ಅಂಚಿಗೆ ಕೊಯ್ದರೆ ವರ್ಷ ಕಳೆಯುತ್ತಾ ಸುತ್ತಲಿಂದ ತೊಗಟೆ ಬಳೆಯಂತೆ ಉರುಟಾಗಿ ಮುಚ್ಚುತ್ತಾ ಬರುತ್ತದೆ. ನಾನು ಕೊಯ್ದ ಗಾಯ ಹಾಗೆ ಮುಚ್ಚಿದ್ದನ್ನು ನೋಡಿದಾಗ ಆಗುವ ಸಂತೋಷ ಕೂಲಿ ಎಣಿಸುವಾಗಲೂ ಆಗುವುದಿಲ್ಲ.

ಒಂದೊಂದು ಮರಕ್ಕೆ ಒಂದೊಂದು ಸ್ವಭಾವ. ಸಿಲ್ವರ್ ಓಕ್ ಮರ ನೆಟ್ಟಗಿರುತ್ತದೆ, ಹತ್ತಲು ಸುಲಭ ಅನ್ನಿಸುತ್ತದೆ, ಆದರೆ ಅದರ ಕೊಂಬೆ ನಂಬಿ ಕಾಲಿಡಬೇಡ, ಸುಳಿವು ಕೊಡದೆ ಮುರಿಯುತ್ತದೆ. ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿದ್ದರೆ ಏಣಿ ಒರಗಿಸುವುದಕ್ಕೂ ಜಾಗ ಹುಡುಕಬೇಕು. ಹಾಲುವಾಣಕ್ಕೆ ಮುಳ್ಳು, ಮರವೂ ಮೆತ್ತಗೆ. ಹಲಸು ನಿಯತ್ತಿನ ಮರ, ಭಾರ ಹೊರುತ್ತದೆ. ಚೇರಿನ ಮರವನ್ನಂತೂ ಗುರುತು ಹಿಡಿಯದೆ ಮುಟ್ಟಲೇಬೇಡ, ಅದರ ಸೊನೆ ತಾಗಿದರೆ ಮೈಯೆಲ್ಲ ಬೊಕ್ಕೆ ಏಳುತ್ತದೆ. ಬೀಟೆ, ನಂದಿಯಂಥ ಕಾಡುಮರದ ಬುಡಕ್ಕೆ ಕೈ ಹಾಕು ಅಂತ ಯಾರಾದರೂ ಹೇಳಿದರೆ ಅರಣ್ಯ ಇಲಾಖೆಯ ಅನುಮತಿ ಕಾಗದ ತೋರಿಸಿ ಅಂತ ಕೇಳು. 1976ರಿಂದ ಅದಕ್ಕೆ ಕಾಯಿದೆಯೇ ಇದೆ. ಹತ್ತುವ ಮೊದಲು ಮರಕ್ಕೆ ಒಂದು ಸುತ್ತು ಹಾಕು: ಹೆಜ್ಜೇನು, ಕಣಜದ ಗೂಡು, ಒಣಗಿದ ಕೊಂಬೆ, ಬುಡದಲ್ಲಿ ಅಣಬೆ. ಬುಡದಲ್ಲಿ ಅಣಬೆ ಎದ್ದಿದ್ದರೆ ಒಳಗೆ ಕೊಳೆತಿರಬಹುದು ಅಂತಲೇ ತಿಳಿ. ಚಗಳಿ ಇರುವೆ ಕಚ್ಚಿದರೆ ಸಹಿಸಿಕೊಳ್ಳಬಹುದು. ಹೆಜ್ಜೇನು ಎದ್ದರೆ ಅಷ್ಟೆತ್ತರದಲ್ಲಿ ಓಡಲು ಜಾಗವಿಲ್ಲ.

ಕರೆಂಟಿನ ವಿಷಯದಲ್ಲಿ ಮಾತ್ರ ನಾನು ದನಿ ಏರಿಸುತ್ತೇನೆ. ನಮ್ಮ ತೋಟಗಳ ನಡುವೆಯೇ ಲೈನ್ ಹಾದುಹೋಗಿದೆ. ಬಿದಿರಿನ ಏಣಿ ಹೋಗಿ ಅಲ್ಯೂಮಿನಿಯಂ ಏಣಿ ಬಂದಮೇಲೆ ಹೊರಲು ಹಗುರವಾಯಿತು, ಸಾವೂ ಹತ್ತಿರವಾಯಿತು. ಏಣಿ ಎತ್ತಿ ಇನ್ನೊಂದು ಮರಕ್ಕೆ ಸಾಗಿಸುವಾಗ ತಲೆ ಮೇಲಿನ ತಂತಿ ಕಾಣದೆ ಸತ್ತ ಇಬ್ಬರ ಮನೆಗಳಿಗೆ ನಾನು ಹೋಗಿ ಕೂತು ಬಂದಿದ್ದೇನೆ. ಇಬ್ಬರೂ ನನಗಿಂತ ಚಿಕ್ಕವರು. ಲೈನ್ ಹತ್ತಿರದ ಮರವಾದರೆ ಲೈನ್‌ಮ್ಯಾನ್ ಬಂದು, ಕರೆಂಟ್ ತೆಗೆದು, ಅವನ ಬಾಯಿಂದಲೇ ‘ತೆಗೆದಿದೆ’ ಅಂತ ಕೇಳುವವರೆಗೆ ಏಣಿ ನೆಲದ ಮೇಲೆ ಮಲಗಿರಲಿ. ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ. ಸಾಹುಕಾರರು ಅವಸರ ಮಾಡಿದರೆ ಆ ಮರ ಬಿಟ್ಟು ಬಾ, ಕೂಲಿ ಹೋಗಲಿ.

ಕೂಲಿ ಮಾತಾಡುವಾಗಲೇ ಇನ್ನೊಂದು ಕೇಳಬೇಕು: ಬಿದ್ದರೆ ಆಸ್ಪತ್ರೆ ಖರ್ಚು ಯಾರದು? ಕೇಳಲು ನಾಚಿಕೆ ಬೇಡ. ನಾನು ಬಹಳ ವರ್ಷ ಕೇಳಲೇ ಇಲ್ಲ. ಬೆಲ್ಟ್, ಹೆಲ್ಮೆಟ್ ಸ್ವಂತದ್ದು ತಗೊಂಡೆವು, ಅವನ ಮೊದಲ ವಾರದ ದುಡ್ಡು ಅದಕ್ಕೇ ಹೋಯಿತು. ಬೆಲ್ಟಿನ ಹೊಲಿಗೆ ದಿನಾ ಬೆಳಿಗ್ಗೆ ಬೆರಳಿಂದ ಮುಟ್ಟಿ ನೋಡು ಅಂದಿದ್ದೇನೆ. ಮೋಡ ಕಟ್ಟಿದರೆ ಇಳಿದುಬಿಡು, ಪಾಚಿ ನೆನೆದ ಮರದಲ್ಲಿ ಶೂರತನ ನಡೆಯುವುದಿಲ್ಲ.

ನಿನ್ನೆ ಊಟದ ಹೊತ್ತಲ್ಲಿ ಹುಡುಗ ಕಾಣಲಿಲ್ಲ. ಹುಡುಕಿದರೆ ಬೆಳಿಗ್ಗೆ ಗಸಿ ಮಾಡಿದ ಮರದ ಕೆಳಗೆ ಒಬ್ಬನೇ ನಿಂತು ನೆಲ ನೋಡುತ್ತಿದ್ದ. "ಮಾವ, ಇಲ್ಲಿ ಬಿಸಿಲು ಸ್ವಲ್ಪ ಜಾಸ್ತಿ ಆಯ್ತಲ್ವಾ?" ಅಂದ. ನೋಡಿದೆ. ಹೌದು, ಜಾಸ್ತಿಯಾಗಿತ್ತು. ಆ ಕೊಂಬೆ ಕಡಿದವನು ನಾನೇ. ಮಳೆ ಹಿಡಿಯುತ್ತಲೇ ಅಲ್ಲಿ ಒಂದು ಹಾಲುವಾಣದ ಗೂಟ ನೆಡಬೇಕು, ಅವನ ಕೈಯಿಂದಲೇ ನೆಡಿಸುತ್ತೇನೆ.